‘ಬೋರ್ಡ್ ಓದ್ರಿ ಸರ’

ಹೋದ ತಿಂಗಳು ಅವ್ವನ ಮೊಣಕಾಲಿನ ಎಕ್ಸ್‌ರೇ ತರಲು ನಮ್ಮ ಜಿಲ್ಲಾ ಕೇಂದ್ರದ ಒಂದು ಕಾಂಪ್ಲೆಕ್ಸ್‌ಗೆ ಹೋಗಿದ್ದೆ. ಮಳೆ ಇತ್ತೆಂದು ಭಾವನ ಕಾರು ಇಸಿದುಕೊಂಡಿದ್ದೆ. ಕೆಳಗೆ ಬಟ್ಟೆ ಅಂಗಡಿ, ಮೇಲೆ ಸ್ಕ್ಯಾನಿಂಗ್ ಸೆಂಟರ್, ಅದರ ಮೇಲೆ ಎರಡು ನರ್ಸಿಂಗ್ ಹೋಮ್ ಇರುವ ಕಟ್ಟಡ. ಗೇಟಿನಲ್ಲಿ ಆಳೆತ್ತರದ ಬೋರ್ಡ್, ಅದರ ಮೇಲೆ ಹಳದಿ ಅಕ್ಷರದಲ್ಲಿ ‘ಉಚಿತ ಪಾರ್ಕಿಂಗ್’. ಖುಷಿಯಿಂದಲೇ ಒಳಗೆ ಹೋದೆ. ಹೊರಗೆ ಬರುವಾಗ ಗೇಟಿನ ಹುಡುಗ 60 ರೂಪಾಯಿ ಕೇಳಿದ.

‘ಉಚಿತ ಅಂತ ಬರೆದಿದೆಯಲ್ಲ’ ಅಂದೆ.

‘ಮೊದಲ ಅರ್ಧ ತಾಸು ಅಷ್ಟs ರೀ. ಕ್ಯಾಮೆರಾ 41 ನಿಮಿಷ ತೋರಸಾಕತ್ತೈತಿ. ನಮ್ಮ ಕೈಯಾಗ ಏನಿಲ್ಲ. ಬೋರ್ಡ್ ಓದ್ರಿ ಸರ.’

ಹಿಂದೆ ಹಾರ್ನ್ ಶುರುವಾಗಿತ್ತು. ಕೊಟ್ಟುಬಿಟ್ಟೆ. ಆದರೆ ವರದಿಗಾರಿಕೆಯ ಚಟ ನೋಡಿ, ಕಾರನ್ನು ರಸ್ತೆಯ ಆಚೆ ನಿಲ್ಲಿಸಿ ಮಳೆಯಲ್ಲೇ ವಾಪಸ್ ಬಂದು ಬೋರ್ಡ್ ಓದಿದೆ. ‘ಉಚಿತ ಪಾರ್ಕಿಂಗ್’ ಎಂಬುದರ ಕೆಳಗೆ ನಾಲ್ಕು ಸಾಲು ಇಂಗ್ಲಿಷ್ ಇತ್ತು. ಒಂದೊಂದು ಅಕ್ಷರ ಕಡಲೆಬೇಳೆಯಷ್ಟು. ಮೊದಲ 30 ನಿಮಿಷ ಮಾತ್ರ ಉಚಿತ, ಆಮೇಲೆ ತಾಸಿಗೆ 60. ಟೋಕನ್ ಕಳೆದರೆ 200 ರೂಪಾಯಿ ‘ಫೈನ್’. ವಾಹನಕ್ಕೆ ಮಾಲೀಕರೇ ಜವಾಬ್ದಾರರು. ಈ ಜಾಗ ಕ್ಯಾಮೆರಾ ನಿಗಾದಲ್ಲಿದೆ. ಬೋರ್ಡ್ ಇರುವುದು ಗೇಟಿನ ಎಡಗಡೆ, ಸಾಲಾಗಿ ಆಟೋ ನಿಲ್ಲುವ ಜಾಗದ ಹಿಂದೆ. ನಮ್ಮ ದೇಶದಲ್ಲಿ ಚಾಲಕ ಕೂರುವುದು ಬಲಗಡೆ. ಬೋರ್ಡಿನ ಮೇಲಿನ ಅರ್ಧ ಆಟೋಗಳ ಮೇಲಿಂದ ಚೆನ್ನಾಗಿ ಕಾಣುತ್ತದೆ, ಕೆಳಗಿನ ಅರ್ಧ ಕಾಣುವುದಿಲ್ಲ. ಉದ್ದೇಶಪೂರ್ವಕವೋ ಕಾಕತಾಳೀಯವೋ ನಾನು ಹೇಳಲಾರೆ. ಲಾಭ ಯಾರಿಗೆಂದು ಮಾತ್ರ ಹೇಳಬಲ್ಲೆ.

ಇಲ್ಲೊಂದು ಅಡ್ಡಮಾತು. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ತಂದು ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಎಂದರು. ನಮ್ಮೂರಲ್ಲೂ ಬೋರ್ಡ್ ಬದಲಾದವು, ನಾವೂ ಫೋಟೊ ಸಮೇತ ಸುದ್ದಿ ಮಾಡಿದೆವು. ಅಂಗಡಿಯ ಹೆಸರು ಯಾವ ಭಾಷೆಯಲ್ಲಿದ್ದರೂ ಗಿರಾಕಿ ಹೇಗೋ ಹುಡುಕಿಕೊಂಡು ಹೋಗುತ್ತಾನೆ. ಅವನ ಜೇಬಿಗೆ ಕೈ ಹಾಕುವ ಷರತ್ತು ಕನ್ನಡದಲ್ಲಿರಬೇಕೆಂದು ನಾವು ಯಾರೂ ಕೇಳಲಿಲ್ಲ. ಈ ಬೋರ್ಡಿನಲ್ಲಿ ಕರೆಯುವುದು ಕನ್ನಡದಲ್ಲಿ, ಕಟ್ಟಿಹಾಕುವುದು ಇಂಗ್ಲಿಷಿನಲ್ಲಿ.

ಇನ್ನು 41 ನಿಮಿಷದ ಲೆಕ್ಕ. ಒಳಗೆ ಹೋದಮೇಲೆ ಜಾಗ ಸಿಗದೆ ಬೇಸ್‌ಮೆಂಟಿನಲ್ಲಿ ಸುತ್ತಿದ್ದು 6 ನಿಮಿಷ. ಹೊರಗೆ ಬರುವಾಗ ಗೇಟಿನ ಮುಂದೆ ಸಾಲಿನಲ್ಲಿ ಕಾದಿದ್ದು 8 ನಿಮಿಷ. ಎಕ್ಸ್‌ರೇ ಸೆಂಟರಿನ ರಸೀದಿಯ ಮೇಲೂ ಫೋನಿನಲ್ಲೂ ಸಮಯ ಇದ್ದದ್ದರಿಂದ ಹೇಳುತ್ತಿದ್ದೇನೆ. ಕಾರು ನಿಂತಿದ್ದು 27 ನಿಮಿಷ. ಕ್ಯಾಮೆರಾ ಅಳೆಯುವುದು ಕಾರು ನಿಂತ ಹೊತ್ತನ್ನಲ್ಲ, ಗೇಟಿನಿಂದ ಗೇಟಿಗೆ ಕಳೆದ ಹೊತ್ತನ್ನು. ಜಾಗ ಇಲ್ಲದಿದ್ದರೂ ಒಳಗೆ ಬಿಟ್ಟವರು ಅವರೇ, ಹೊರಗೆ ಒಂದೇ ಗೇಟ್ ಇಟ್ಟವರೂ ಅವರೇ. ಆ 14 ನಿಮಿಷ ಮಾತ್ರ ನನ್ನ ಖಾತೆಗೆ.

60 ರೂಪಾಯಿಗೆ ಇಷ್ಟು ಉದ್ದ ಬರೆಯಬೇಕೆ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಬರೆಯಲು ಕೂರಿಸಿದ್ದು ನನ್ನ 60 ರೂಪಾಯಿಯಲ್ಲ. ನಾನು ಬೋರ್ಡ್ ಓದುತ್ತ ನಿಂತಾಗ ಅದೇ ಗೇಟಿನಲ್ಲಿ ಸ್ಕೂಟಿ ಹಿಡಿದುಕೊಂಡು ಒಬ್ಬ ಹೆಣ್ಣುಮಗಳು ನಿಂತಿದ್ದಳು. ಮೇಲಿನ ನರ್ಸಿಂಗ್ ಹೋಮಿನಲ್ಲಿ ಅತ್ತೆ ಮಲಗಿದ್ದಾರೆ, ಔಷಧ ಚೀಟಿಯ ಜೊತೆ ಟೋಕನ್ ಎಲ್ಲೋ ಬಿದ್ದಿದೆ. 200 ರೂಪಾಯಿ ಕೊಡದೆ ಗಾಡಿ ಬಿಡುವುದಿಲ್ಲ ಅಂತ ಹುಡುಗ. ಆಕೆ ಫೋನಿನಲ್ಲಿ ಆರ್‌ಸಿಯ ಫೋಟೊ ತೋರಿಸಿದಳು, ಲೈಸೆನ್ಸ್ ತೋರಿಸಿದಳು. ‘ರೂಲ್ಸ್ ರೀ ಅಕ್ಕಾರ’ ಅಂತ ಅವನು ಅದನ್ನೇ ಹೇಳುತ್ತಿದ್ದ. ಆಕೆಯ ಪರ್ಸಿನಲ್ಲಿ ಎಷ್ಟಿತ್ತೆಂದು ನಾನು ನೋಡಲಿಲ್ಲ. ಆದರೆ ಆಕೆ ಊರಿಗೆ ಫೋನ್ ಮಾಡಿ ಯಾರಿಂದಲೋ ಫೋನ್‌ಪೇ ಹಾಕಿಸಿಕೊಂಡು ಕೊಟ್ಟದ್ದನ್ನು ನೋಡಿದೆ. ನಮ್ಮ ಕಡೆ ಹೊಲದ ಕೆಲಸಕ್ಕೆ ಹೋಗುವ ಹೆಣ್ಣಾಳಿಗೆ 200 ರೂಪಾಯಿ ಅಂದರೆ ಅರ್ಧ ದಿನವೋ ಮುಕ್ಕಾಲು ದಿನವೋ ಬಾಗಿದ್ದಕ್ಕೆ ಬರುವ ದುಡ್ಡು.

ಈ ಟೋಕನ್ ದಂಡಕ್ಕೆ ಮೊದಲು ಒಂದು ಕಾರಣವಾದರೂ ಇತ್ತು. ಚೀಟಿ ಇಲ್ಲದವನು ಬೇರೆಯವರ ಗಾಡಿ ಹೊಡೆದುಕೊಂಡು ಹೋದರೆ ಹೇಗೆ ಎಂಬ ಭಯ. ಈಗ ಗೇಟಿನಲ್ಲಿ ಕ್ಯಾಮೆರಾ ಇದೆ. ಆಕೆ ಒಳಗೆ ಬಂದ ಹೊತ್ತು, ಗಾಡಿಯ ನಂಬರು, ಆಕೆಯ ಮುಖ ಎಲ್ಲ ಅದರಲ್ಲಿದೆ. ಆಕೆ ಎಷ್ಟು ಹೊತ್ತು ಇದ್ದಳೆಂಬುದಕ್ಕೆ ಕ್ಯಾಮೆರಾ ಸಾಕ್ಷಿಯಾಗುತ್ತದೆ, ಗಾಡಿ ತಂದವಳು ಅವಳೇ ಎಂಬುದಕ್ಕೆ ಮಾತ್ರ ಆಗುವುದಿಲ್ಲವಂತೆ. ಒಂದೇ ಕಡೆ ನೋಡುವ ಕಣ್ಣು ಇದು. ಇದನ್ನು ಆ ಹುಡುಗನಿಗೆ ಹೇಳಿದೆ. ಅವನು ಮುಗುಳ್ನಕ್ಕ. ಪಾಪ, ಅವನಿಗೂ ತಿಂಗಳ ಕೊನೆಗೆ ಟೋಕನ್ ಲೆಕ್ಕ ಕೊಡಬೇಕಲ್ಲ. ನನ್ನ ಸಿಟ್ಟು ಅವನ ಮೇಲಲ್ಲ.

ಆ ‘ಫೈನ್’ ಎಂಬ ಮಾತನ್ನೇ ನೋಡಿ. ದಂಡ ಹಾಕುವುದು ಸರ್ಕಾರದ ಕೆಲಸ, ಅದೂ ಕಾಯ್ದೆಯ ಅಡಿಯಲ್ಲಿ. ಖಾಸಗಿಯವನಿಗೆ ನಮ್ಮ ನಡುವಿನ ಒಪ್ಪಂದ ಮುರಿದಾಗ ಆದ ನಷ್ಟ ಕೇಳುವ ಹಕ್ಕಿದೆ, ಅಷ್ಟೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಒಪ್ಪಂದದಲ್ಲಿ ಎಷ್ಟೇ ಮೊತ್ತ ಬರೆದಿರಲಿ, ಅದನ್ನು ಮೀರದಂತೆ ನ್ಯಾಯಯುತವಾದ ಪರಿಹಾರ ಮಾತ್ರ ಸಿಗುತ್ತದೆ. ಒಂದು ಪ್ಲಾಸ್ಟಿಕ್ ಟೋಕನ್ ಕಳೆದರೆ ಕಾಂಪ್ಲೆಕ್ಸಿಗೆ ಆಗುವ ನಷ್ಟ ಎಷ್ಟು? ಸಂತೆಯಲ್ಲಿ ಹತ್ತು ರೂಪಾಯಿಗೆ ಅಂಥವು ಎಷ್ಟು ಸಿಗುತ್ತವೆ? ಆದರೆ ಗೇಟ್ ಹಾಕಿಕೊಂಡು ನಿಂತವನ ಮುಂದೆ 74ನೇ ಸೆಕ್ಷನ್ ಓದುವವರು ಯಾರು. ಗಾಡಿ ಒಳಗಿದೆ, ನಾವು ಹೊರಗೆ ಹೋಗಬೇಕಿದೆ. ವಾದ ಅಲ್ಲಿಗೇ ಮುಗಿಯುತ್ತದೆ.

‘ಮಾಲೀಕರೇ ಜವಾಬ್ದಾರರು’ ಎಂಬ ಸಾಲಿಗೆ ಬರೋಣ. ಬಸ್ ನಿಲ್ದಾಣದ ಸ್ಟ್ಯಾಂಡಿನಿಂದ ಕಲ್ಯಾಣ ಮಂಟಪದವರೆಗೆ ಈ ಸಾಲು ಇಲ್ಲದ ಜಾಗವಿಲ್ಲ. ಅದನ್ನು ಬರೆದುಬಿಟ್ಟರೆ ಕಾನೂನಿನ ಕಣ್ಣು ಮುಚ್ಚುತ್ತದೆ ಎಂದು ಬರೆಸಿದವರೂ ನಂಬಿದ್ದಾರೆ, ಓದಿದ ನಾವೂ ನಂಬಿದ್ದೇವೆ. 1998ರ ಆಗಸ್ಟ್‌ನಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದ ಅತಿಥಿಯೊಬ್ಬರು ತಮ್ಮ ಮಾರುತಿ ಜೆನ್ ಕಾರಿನ ಕೀಲಿಯನ್ನು ಸಿಬ್ಬಂದಿಗೆ ಕೊಟ್ಟು ಒಳಗೆ ಹೋದರು. ಬೇರೆ ಕಾರಿನಲ್ಲಿ ಬಂದಿದ್ದ ಮೂವರು ಹುಡುಗರಲ್ಲಿ ಒಬ್ಬ ಆ ಕೀಲಿ ಎತ್ತಿಕೊಂಡು ಕಾರಿನೊಂದಿಗೆ ಹೋಗಿಬಿಟ್ಟ. ವಿಮಾ ಕಂಪನಿ 2.8 ಲಕ್ಷ ಕೊಟ್ಟು, ಹೋಟೆಲಿನಿಂದ ವಸೂಲಿಗೆ ಹೊರಟಿತು. ಚೀಟಿಯ ಮೇಲೇ ‘ಮಾಲೀಕರ ಹೊಣೆ’ ಎಂದು ಅಚ್ಚಾಗಿತ್ತು ಎಂಬುದು ಹೋಟೆಲಿನ ವಾದ. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ವಾಹನವನ್ನು ವಶಕ್ಕೆ ತೆಗೆದುಕೊಂಡ ಮೇಲೆ ಜೋಪಾನ ಮಾಡುವ ಹೊಣೆಯೂ ಬರುತ್ತದೆ, ತಮ್ಮದೇ ಅಜಾಗರೂಕತೆಗೆ ಒಂದು ಸಾಲು ಬರೆದು ಕೈತೊಳೆದುಕೊಳ್ಳಲಾಗದು, ಎಚ್ಚರಿಕೆ ವಹಿಸಿದ್ದೆವೆಂದು ಸಾಬೀತು ಮಾಡಬೇಕಾದವರೂ ವಶಕ್ಕೆ ಪಡೆದವರೇ ಎಂದಿತು. ಆ ತೀರ್ಪು ಬರೆದವರು ನಮ್ಮ ಹಾವೇರಿ ಜಿಲ್ಲೆಯ ನ್ಯಾಯಮೂರ್ತಿ ಮೋಹನ ಶಾಂತನಗೌಡರ. 2021ರಲ್ಲಿ ತೀರಿಹೋದರು. ಅವರ ನಿಧನದ ಸುದ್ದಿಗಳಲ್ಲಿ ಈ ತೀರ್ಪಿನ ಪ್ರಸ್ತಾಪ ನನ್ನ ಕಣ್ಣಿಗೆ ಬೀಳಲಿಲ್ಲ.

ಪ್ರಾಮಾಣಿಕವಾಗಿ ಹೇಳಬೇಕೆಂದರೆ ಈ ತೀರ್ಪು ಎಲ್ಲ ಸ್ಟ್ಯಾಂಡಿಗೂ ಹಾಗೆಹಾಗೇ ಅಂಟುವುದಿಲ್ಲ. ಅಲ್ಲಿ ಕೀಲಿ ಕೊಟ್ಟಿದ್ದರು. ನಾವೇ ನಿಲ್ಲಿಸಿ ಕೀಲಿ ಜೇಬಿಗಿಟ್ಟುಕೊಂಡು ಹೋದಾಗ ‘ವಶಕ್ಕೆ ಕೊಟ್ಟೆವೇ’ ಎಂಬ ಪ್ರಶ್ನೆ ಏಳುತ್ತದೆ. ಆದರೆ ಹ್ಯಾಂಡಲ್ ಲಾಕ್ ಮಾಡಬೇಡಿ ಎನ್ನುವ, ಗಾಡಿಯನ್ನು ತಾವೇ ಅತ್ತಿತ್ತ ಸರಿಸುವ, ಚೀಟಿ ತೋರಿಸದೆ ಹೊರಗೆ ಬಿಡದ ಸ್ಟ್ಯಾಂಡಿನವನು ‘ನನ್ನ ವಶದಲ್ಲಿರಲಿಲ್ಲ’ ಎಂದರೆ ನಾನಂತೂ ಒಪ್ಪಲಾರೆ. ಹೊರಗೆ ಬಿಡದಿರುವಷ್ಟು ವಶ ಇದ್ದವನಿಗೆ ಕಾಯುವಷ್ಟು ಹೊಣೆಯೂ ಇರಬೇಕು.

ಕ್ಯಾಮೆರಾ ಮತ್ತು ಬೋರ್ಡ್ ಎರಡೂ ಕೂಡಿ ಎಲ್ಲಿಗೆ ಕರೆದೊಯ್ಯುತ್ತವೆ ಎಂಬುದಕ್ಕೆ ಬ್ರಿಟನ್ ನೋಡಬೇಕು. ಅಲ್ಲಿ ಖಾಸಗಿ ಜಾಗದಲ್ಲಿ ನಿಂತ ಕಾರಿನ ಚಕ್ರಕ್ಕೆ ಬೀಗ ಹಾಕುವ ದಂಧೆ ಜೋರಾಗಿತ್ತು. 2012ರ ಅಕ್ಟೋಬರಿನಿಂದ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಅದನ್ನು ನಿಷೇಧಿಸಿದರು. ಅದೇ ಕಾಯ್ದೆ ಇನ್ನೊಂದು ಬಾಗಿಲು ತೆರೆಯಿತು. ಓಡಿಸಿದವರು ಯಾರೆಂದು ಗೊತ್ತಾಗದಿದ್ದರೆ ಕೆಲವು ಷರತ್ತುಗಳ ಮೇಲೆ ವಾಹನದ ನೋಂದಾಯಿತ ಮಾಲೀಕರಿಂದಲೇ ಶುಲ್ಕ ಕೇಳಬಹುದು. ಮಾಲೀಕರ ವಿಳಾಸವನ್ನು ಸರ್ಕಾರದ ವಾಹನ ನೋಂದಣಿ ಸಂಸ್ಥೆಯೇ ಒಂದು ವಿಚಾರಣೆಗೆ ಎರಡೂವರೆ ಪೌಂಡ್‌ನಂತೆ ಪಾರ್ಕಿಂಗ್ ಕಂಪನಿಗಳಿಗೆ ಕೊಡುತ್ತದೆ. ಬೀಗ ಹೋಗಿ ಪತ್ರ ಬಂತು. ಗೇಟಿನಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾ, ವಾರ ಕಳೆದ ಮೇಲೆ ಮನೆಗೆ ‘ಪಿಸಿಎನ್’. ನಗರಾಡಳಿತ ಹಾಕುವ ಅಧಿಕೃತ ದಂಡದ ನೋಟಿಸನ್ನೂ ಪಿಸಿಎನ್ ಎಂದೇ ಕರೆಯುತ್ತಾರೆ. ಅಲ್ಲಿ ಪಿ ಅಂದರೆ ಪೆನಾಲ್ಟಿ, ಇಲ್ಲಿ ಪಿ ಅಂದರೆ ಪಾರ್ಕಿಂಗ್. ನಮ್ಮ ಕಾಂಪ್ಲೆಕ್ಸಿನ ‘ಫೈನ್’ಗಿಂತ ಸ್ವಲ್ಪ ನಾಜೂಕು.

2013ರಲ್ಲಿ ಚೆಲ್ಮ್ಸ್‌ಫರ್ಡ್ ಎಂಬ ಊರಿನ ಶಾಪಿಂಗ್ ಜಾಗದಲ್ಲಿ ಒಬ್ಬ ಮೀನು-ಚಿಪ್ಸ್ ಅಂಗಡಿಯಾತ ಎರಡು ತಾಸಿನ ಉಚಿತ ಅವಧಿ ಮೀರಿ 56 ನಿಮಿಷ ಹೆಚ್ಚು ನಿಂತ. ಪಾರ್ಕಿಂಗ್‌ಐ ಕಂಪನಿ 85 ಪೌಂಡ್ ಕೇಳಿತು. ಆತ ಸುಪ್ರೀಂ ಕೋರ್ಟಿನವರೆಗೆ ಹೋದ. 2015ರ ನವೆಂಬರಿನಲ್ಲಿ ಏಳು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಕಂಪನಿಯ ಪರ ನಿಂತರು. ಸೋತ ಕಥೆಯನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆ ತೀರ್ಪಿನ ಒಂದು ಆಧಾರ ಬೋರ್ಡುಗಳು. ಅಲ್ಲಿ ಸುಮಾರು 20 ಬೋರ್ಡುಗಳಿದ್ದವು, ದೊಡ್ಡವು, ಎದ್ದು ಕಾಣುವಂಥವು, ಓದಲು ಬರುವಂಥವು, 85 ಪೌಂಡ್ ಎಂಬುದು ಮುಚ್ಚಿಟ್ಟ ಮಾತಾಗಿರಲಿಲ್ಲ. ಅಂದರೆ ವಸೂಲಿಯ ಹಕ್ಕು ನಿಂತಿರುವುದೇ ಬೋರ್ಡಿನ ಮೇಲೆ. ಆ ಪ್ರಕರಣದ ಇನ್ನೊಂದು ವಿವರ ನನ್ನ ಗಮನ ಸೆಳೆಯಿತು. ಆ ಜಾಗ ನೋಡಿಕೊಳ್ಳುವುದಕ್ಕೆ ಕಂಪನಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ಕಂಪನಿಯೇ ಜಾಗದವರಿಗೆ ವಾರಕ್ಕೆ 1,000 ಪೌಂಡ್ ಕಟ್ಟುತ್ತಿತ್ತು. ಅಷ್ಟು ಕಟ್ಟಿದವರಿಗೆ ಜನ ತಪ್ಪು ಮಾಡಿದರೆ ಮಾತ್ರ ಲಾಭ. ನಮ್ಮಲ್ಲಿ ಹೆಚ್ಚು ಬಿಡ್ ಕೂಗಿದವನಿಗೆ ಸ್ಟ್ಯಾಂಡ್ ಗುತ್ತಿಗೆ ಕೊಡುತ್ತೇವಲ್ಲ, ಅದೇ ಲೆಕ್ಕ. ಬಿಡ್ ಮೊತ್ತ ಏರಿದಷ್ಟೂ ಬೋರ್ಡಿನ ಅಕ್ಷರ ಸಣ್ಣದಾಗುತ್ತದೆ.

ಡರ್ಬಿ ಎಂಬ ಊರಿನದು ಇನ್ನೂ ವಿಚಿತ್ರ. ಒಳಗೆ ಬಂದ 5 ನಿಮಿಷದೊಳಗೆ ಹಣ ಕಟ್ಟಬೇಕೆಂಬ ನಿಯಮ. ಮೊಬೈಲ್ ಸಿಗ್ನಲ್ ಸರಿಯಿಲ್ಲದೆ ಹಣ ಕಟ್ಟುವುದು ತಡವಾದ ಮಹಿಳೆಯೊಬ್ಬರಿಂದ, ಪ್ರತಿಸಲವೂ ಶುಲ್ಕ ಕಟ್ಟಿದ್ದರೂ, ಒಟ್ಟು 1,906 ಪೌಂಡ್ ಕೇಳಿದರು. 2024ರ ಕೊನೆಗೆ ಅದು ದೊಡ್ಡ ಸುದ್ದಿಯಾಗಿ ಕಂಪನಿ ದಾವೆ ಕೈಬಿಟ್ಟಿತು, ಮುಂದಿನ ವರ್ಷ ಪಾರ್ಕಿಂಗ್ ಉದ್ಯಮದವರೇ ಆ ನಿಯಮ ಸಡಿಲಿಸಿದರು. ಸಂಸತ್ತು ಮಾತ್ರ ಹಿಂದೆ. ಖಾಸಗಿ ಪಾರ್ಕಿಂಗಿಗೆ ನೀತಿ ಸಂಹಿತೆ ಬೇಕೆಂದು 2019ರಲ್ಲೇ ಕಾಯ್ದೆ ಮಾಡಿದರು. 2022ರ ಫೆಬ್ರುವರಿಯಲ್ಲಿ ಸಂಹಿತೆ ಹೊರಬಂತು, ಕಂಪನಿಗಳು ಕೋರ್ಟಿಗೆ ಹೋದವು, ಜೂನ್‌ನಲ್ಲಿ ಸರ್ಕಾರ ವಾಪಸ್ ಪಡೆಯಿತು. 2025ರಲ್ಲಿ ಮತ್ತೆ ಸಾರ್ವಜನಿಕರ ಅಭಿಪ್ರಾಯ ಕೇಳಿತು. ದಂಧೆ ಬೆಳೆದು ನಿಂತ ಮೇಲೆ ಕಾನೂನು ತರುವುದು ಎಷ್ಟು ಕಷ್ಟ ಎಂಬುದಕ್ಕೆ ಇಷ್ಟು ಸಾಕು.

ನಮ್ಮಲ್ಲಿ ಇದು ಇನ್ನೂ ಬೆಳೆಯುವ ಹಂತದಲ್ಲಿದೆ. ವಿಮಾನ ನಿಲ್ದಾಣ, ಮಾಲ್‌ಗಳಲ್ಲಿ ಫಾಸ್ಟ್‌ಟ್ಯಾಗ್‌ನಿಂದಲೇ ಪಾರ್ಕಿಂಗ್ ಶುಲ್ಕ ಕಡಿತವಾಗುವುದು ಶುರುವಾಗಿದೆ. ಗೇಟಿನ ಹುಡುಗನ ಜೊತೆ ಇವತ್ತು ಜಗಳವಾದರೂ ಆಡಬಹುದು. ನಾಳೆ ಹಣ ಮೊದಲು ಹೋಗುತ್ತದೆ, ಮೆಸೇಜು ಆಮೇಲೆ ಬರುತ್ತದೆ. 2024ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಜಾಗಕ್ಕೆ ನಿಮಿಷದ ಲೆಕ್ಕದಲ್ಲಿ ಶುಲ್ಕ ಹಾಕಿದಾಗ ಕ್ಯಾಬ್ ಚಾಲಕರು ಪ್ರತಿಭಟಿಸಿದರು, ಕೆಲವೇ ದಿನಗಳಲ್ಲಿ ಅದು ನಿಂತಿತು. ಅಲ್ಲಿ ಚಾಲಕರ ಸಂಘವಿತ್ತು. ಟೋಕನ್ ಕಳೆದುಕೊಂಡ ಹೆಣ್ಣುಮಗಳಿಗೆ ಯಾವ ಸಂಘ?

ಸರ್ಕಾರವೇ ರಸ್ತೆಯಲ್ಲಿ ಕ್ಯಾಮೆರಾ ಇಟ್ಟು ದಂಡ ಹಾಕುವಾಗ ಏನು ಮಾಡಬೇಕೆಂಬುದಕ್ಕೆ ನಿಯಮವಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿಸಿದ 167ಎ ಪ್ರಕಾರ ಉಪಕರಣಕ್ಕೆ ಅನುಮೋದನೆ ಪತ್ರ ಬೇಕು, ಕ್ಯಾಮೆರಾ ಇರುವ ಜಾಗಕ್ಕೂ ಮೊದಲೇ ಎದ್ದು ಕಾಣುವ ಎಚ್ಚರಿಕೆ ಫಲಕ ಬೇಕು, 15 ದಿನದೊಳಗೆ ನೋಟಿಸ್ ಕೊಡಬೇಕು. ಪೊಲೀಸರಿಗೇ ಇಷ್ಟು ಕಟ್ಟುಪಾಡು ಇರುವಾಗ ಕಾಂಪ್ಲೆಕ್ಸಿನ ಮಾಲೀಕನ ಕ್ಯಾಮೆರಾದ ಗಡಿಯಾರ ಸರಿಯಿದೆಯೇ ಎಂದು ನೋಡುವವರು ಯಾರು? ತರಕಾರಿ ಮಾರುವ ಅಜ್ಜಿಯ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು. ನಿಮಿಷ ಅಳೆದು ದುಡ್ಡು ವಸೂಲಿ ಮಾಡುವ ಈ ತಕ್ಕಡಿಯ ಮುದ್ರೆ ಕೇಳಿದವರನ್ನು ನಾನು ನೋಡಿಲ್ಲ. ಆ ದೃಶ್ಯಗಳು ಎಷ್ಟು ದಿನ ಯಾರ ಹತ್ತಿರ ಇರುತ್ತವೆ ಎಂಬುದು ಮತ್ತೊಂದು ಪ್ರಶ್ನೆ. ವಾಹನ ನೋಂದಣಿಯ ಮಾಹಿತಿಯನ್ನು ಸಗಟಾಗಿ ಖಾಸಗಿಯವರಿಗೆ ಮಾರುವ ನೀತಿಯನ್ನು ಕೇಂದ್ರ 2019ರಲ್ಲಿ ತಂದಿತ್ತು, 2020ರಲ್ಲಿ ಹಿಂದಕ್ಕೆ ಪಡೆಯಿತು. ಬ್ರಿಟನ್ನಿನ ಆ ಎರಡೂವರೆ ಪೌಂಡಿನ ಬಾಗಿಲು ನಮಗೆ ತೀರಾ ಅಪರಿಚಿತವೇನಲ್ಲ.

ಕಾಂಪ್ಲೆಕ್ಸ್ ಮಾಲೀಕರ ಕಡೆಯ ವಾದವೂ ಇದೆ. ಎದುರಿನ ಬ್ಯಾಂಕಿಗೆ, ಮಾರ್ಕೆಟ್ಟಿಗೆ ಬಂದವರೆಲ್ಲ ಬೆಳಿಗ್ಗೆಯಿಂದ ಸಂಜೆಯವರೆಗೆ ಇಲ್ಲೇ ನಿಲ್ಲಿಸಿ ಹೋಗುತ್ತಾರೆ, ಆಸ್ಪತ್ರೆಗೆ ಬಂದವರಿಗೇ ಜಾಗ ಇರುವುದಿಲ್ಲ ಎಂಬುದು ಸುಳ್ಳಲ್ಲ. ನಾನೇ ಹಾಗೆ ನಿಲ್ಲಿಸಿದ್ದುಂಟು. ಶುಲ್ಕ ಇರಲಿ, ಸಮಯದ ಮಿತಿಯೂ ಇರಲಿ. ತೆಲಂಗಾಣ 2018ರಲ್ಲಿ ಮಾಲ್‌ಗಳಿಗೆ ಒಂದು ದಾರಿ ತೋರಿಸಿತು. ಮೊದಲ 30 ನಿಮಿಷ ಎಲ್ಲರಿಗೂ ಉಚಿತ, ಒಂದು ತಾಸಿನವರೆಗೆ ಏನಾದರೂ ಕೊಂಡ ಬಿಲ್ ತೋರಿಸಿದರೆ ಉಚಿತ. ಗುಜರಾತ್ ಹೈಕೋರ್ಟ್ 2019ರಲ್ಲಿ ಮಾಲ್‌ಗಳು ಪಾರ್ಕಿಂಗ್ ಶುಲ್ಕವನ್ನೇ ವಸೂಲಿ ಮಾಡುವಂತಿಲ್ಲ ಎಂದಿತು. ಕೇರಳ ಹೈಕೋರ್ಟ್ ಅದಕ್ಕೆ ವಿರುದ್ಧವಾಗಿ ಮಾಡಬಹುದು ಎಂದಿದೆ. ಕಟ್ಟಡಕ್ಕೆ ಅನುಮತಿ ಪಡೆಯುವಾಗ ಪಾರ್ಕಿಂಗ್ ಜಾಗ ತೋರಿಸುವುದು ಕಡ್ಡಾಯ. ಕಡ್ಡಾಯವಾಗಿ ಬಿಡಬೇಕಾದ ಜಾಗವನ್ನೇ ಆದಾಯದ ಮೂಲ ಮಾಡಿಕೊಳ್ಳಬಹುದೇ ಎಂಬುದು ಇದರೊಳಗಿನ ಪ್ರಶ್ನೆ. ನನ್ನ ಮನಸ್ಸು ಗುಜರಾತಿನ ಕಡೆಗೇ ವಾಲುತ್ತದೆ. ಅಷ್ಟು ಆಗದಿದ್ದರೂ, ಷರತ್ತು ‘ಉಚಿತ’ದಷ್ಟೇ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ವಾಹನ ತಿರುಗಿಸಿ ವಾಪಸ್ ಹೋಗಲು ಜಾಗ ಇರುವ ಕಡೆ ಇರಬೇಕೆಂದು ನಗರಸಭೆ ಲೈಸೆನ್ಸಿನಲ್ಲಿ ಒಂದು ಸಾಲು ಸೇರಿಸಲು ಯಾವ ಕೋರ್ಟೂ ಅಡ್ಡ ಬರುವುದಿಲ್ಲ.

ವಾಪಸ್ ಹೋಗಲು ಜಾಗ ಎಂದದ್ದು ಸುಮ್ಮನೆ ಅಲ್ಲ. 1964ರಲ್ಲಿ ಲಂಡನ್ನಿನ ಶೂ ಲೇನ್ ಎಂಬಲ್ಲಿನ ಯಂತ್ರ ಚಾಲಿತ ಪಾರ್ಕಿಂಗಿಗೆ ಹೋದ ಸಂಗೀತಗಾರನೊಬ್ಬ ಅಪಘಾತದಲ್ಲಿ ಗಾಯಗೊಂಡ. ಗಾಯಕ್ಕೆ ತಾವು ಹೊಣೆಯಲ್ಲ ಎಂಬ ಷರತ್ತು ಒಳಗಿನ ಕಂಬದ ಮೇಲಿತ್ತು. ಯಂತ್ರ ಟಿಕೆಟ್ ಕೊಟ್ಟಾಗಲೇ ಒಪ್ಪಂದ ಮುಗಿದಿದೆ, ಆಮೇಲೆ ಕಾಣುವ ಷರತ್ತು ಅವನನ್ನು ಕಟ್ಟಿಹಾಕದು, ಯಂತ್ರದ ಜೊತೆ ಯಾರೂ ಚೌಕಾಸಿ ಮಾಡಲಾರರು ಎಂಬ ಧಾಟಿಯಲ್ಲಿ ಲಾರ್ಡ್ ಡೆನ್ನಿಂಗ್ ತೀರ್ಪು ಕೊಟ್ಟರು. ನಮ್ಮ ಕಾನೂನು ಕಾಲೇಜುಗಳಲ್ಲೂ ಇದನ್ನು ಪಾಠ ಮಾಡುತ್ತಾರೆ. ಕಾಲೇಜಿನ ಎದುರಿನ ಕಾಂಪ್ಲೆಕ್ಸಿನ ಬೋರ್ಡ್ ಓದಲು ಹುಡುಗರನ್ನು ಕರೆದುಕೊಂಡು ಹೋಗುವ ಮೇಷ್ಟ್ರು ಒಬ್ಬರಿದ್ದರೆ ಚೆನ್ನಾಗಿತ್ತು.

ದೂರು ಎಲ್ಲಿ ಕೊಡುವುದು? 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಸೇವೆಯಲ್ಲಿ ಲೋಪ, ಮೋಸದ ಬೋರ್ಡ್ ಎಂದು ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಆದರೆ 2019ರ ಕಾಯ್ದೆ ‘ಅನ್ಯಾಯದ ಒಪ್ಪಂದ’ ಎಂದು ಹೊಸದಾಗಿ ಗುರುತಿಸಿತಲ್ಲ, ನಷ್ಟಕ್ಕೆ ಮೀರಿದ ದಂಡವೂ ಅದರಲ್ಲಿ ಬರುತ್ತದೆ, ಅದನ್ನು ಕೇಳುವ ಅಧಿಕಾರ ಜಿಲ್ಲಾ ಆಯೋಗಕ್ಕಿಲ್ಲ. ರಾಜ್ಯ ಆಯೋಗಕ್ಕೇ ಹೋಗಬೇಕು. 200 ರೂಪಾಯಿಯ ಟೋಕನ್ನಿಗೆ ರಾಜ್ಯ ಆಯೋಗ! ಕಾಯ್ದೆ ಬರೆದವರು ಯಾವತ್ತೂ ಟೋಕನ್ ಕಳೆದುಕೊಂಡಿರಲಿಕ್ಕಿಲ್ಲ.

ಕಳೆದ ವಾರ ನಗರಸಭೆಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನ ಅರ್ಜಿ ಕೊಟ್ಟಿದ್ದೇನೆ. ಮೂರೇ ಪ್ರಶ್ನೆ. ಆ ಕಾಂಪ್ಲೆಕ್ಸಿನ ಮಂಜೂರಾದ ನಕ್ಷೆಯಲ್ಲಿ ಎಷ್ಟು ಜಾಗವನ್ನು ಪಾರ್ಕಿಂಗ್ ಎಂದು ತೋರಿಸಿದ್ದಾರೆ, ಅದರಲ್ಲಿ ಈಗ ಎಷ್ಟು ಪಾರ್ಕಿಂಗಾಗಿಯೇ ಉಳಿದಿದೆ, ಶುಲ್ಕ ವಸೂಲಿಗೆ ಅನುಮತಿ ಕೊಟ್ಟಿದ್ದರೆ ಅದರ ಪ್ರತಿ. ಅರ್ಜಿ ತೆಗೆದುಕೊಂಡ ಗುಮಾಸ್ತರು ಅದನ್ನು ಎರಡು ಸಲ ಓದಿ, ‘ಇದ್ಯಾಕ್ರಿ ಬೇಕು ನಿಮಗ, ಅಲ್ಲಿ ಬೋರ್ಡ್ ಐತೆಲ್ಲ’ ಅಂದರು. ಉತ್ತರ ಕೊಡಲು 30 ದಿನ ಸಮಯವಿದೆ. ಬಂದ ದಿನ ಇಲ್ಲೇ ಹಾಕುತ್ತೇನೆ. ನಿಮ್ಮೂರಿನ ಸ್ಟ್ಯಾಂಡಿನ ಬೋರ್ಡಿನ ಫೋಟೊ ಇದ್ದರೆ ಕಳಿಸಿ, ಕೆಳಗಿನ ಸಾಲುಗಳೂ ಕಾಣುವಂತೆ ಹತ್ತಿರದಿಂದ ತೆಗೆದದ್ದು.